ನಾಲ್ಕನೆಯ ಪಟ್ಟೆ ಅಂಗಿ

ಜನವರಿ ೨೭, ಶನಿವಾರ

ಥೂ. ಗೆದ್ದ ದಿನವೂ ಹೀಗೇ ಶುರು ಮಾಡಬೇಕಾಗಿದೆ.

ನಲವತ್ತು ನಿಮಿಷದ ಬ್ಯಾಸ್ಕೆಟ್‌ಬಾಲ್ ಆಟ, ನಲವತ್ತೊಂದು ಫೌಲು. ಕೆಟಲ್ ಕೂಡ ನೀರು ಕುದಿದ ಮೇಲೆಯೇ ಸೀಟಿ ಹಾಕುತ್ತದೆ. ಈ ರೆಫರಿಗಳಿಗೆ ಆ ನೆಪವೂ ಬೇಡ. ಹುಡುಗಿ ಓಡಿದರೆ ಶಿಳ್ಳೆ, ನಿಂತರೆ ಶಿಳ್ಳೆ, ಪಕ್ಕದವಳ ಬೆವರು ಸೋಕಿದರೆ ಶಿಳ್ಳೆ. ಹತ್ತು ಶಿಳ್ಳೆಯಲ್ಲಿ ಒಂಬತ್ತು ಸುಳ್ಳೇ. ಎರಡನೆಯ ಕ್ವಾರ್ಟರ್ ಮುಗಿಯುವಷ್ಟರಲ್ಲಿ ಮೂವರಿಗೂ ಅಮಲೇರಿತ್ತು. ಆಮೇಲೆ ಇನ್ನೂ ಎರಡು ಕ್ವಾರ್ಟರ್ ಇಳಿಸಿದರು. ಕೇಳಬೇಕೆ!

ಎಲ್ಲಕ್ಕಿಂತ ಹೇಸಿಗೆಯ ಸಂಗತಿ, ನಾನೂ ಅದೇ ಅಂಗಿ ತೊಡಬೇಕಾಗಿರುವುದು. ಅಧಿಕೃತ ಸ್ಕೋರರ್ ಕಪ್ಪು-ಬಿಳಿ ಪಟ್ಟೆಯಲ್ಲೇ ಕೂರಬೇಕೆಂದು ಯಾವನೋ ಪುಣ್ಯಾತ್ಮ ನಿಯಮ ಮಾಡಿದ್ದಾನೆ. ಅಂಗಳದಲ್ಲಿ ಮೂರು ಪಟ್ಟೆ, ಟೇಬಲ್ಲಿನ ಹಿಂದೆ ನಾನು ನಾಲ್ಕನೆಯದು. ಪ್ರತಿ ಶನಿವಾರ ನೆಟ್ಟಿ ಆ ಅಂಗಿಗೆ ಇಸ್ತ್ರಿ ಹಾಕುತ್ತ, "ಜೈಲಿಂದ ಯಾವಾಗ ಬಿಟ್ರು?" ಎನ್ನುತ್ತಾಳೆ. ಮದುವೆಯಾಗಿ ಮೂವತ್ತೊಂದು ವರ್ಷ. ಬಿಟ್ಟಿಲ್ಲ ಎಂದು ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.

ಎಲ್ಡ್ರಿಜ್ ಕಾಲೇಜಿನ ಹುಡುಗಿಯರ ತಂಡಕ್ಕೆ ಇಪ್ಪತ್ತೆರಡು ವರ್ಷದಿಂದ ಅಂಕ-ಫೌಲುಗಳ ಈ ಸ್ಕೋರ್ ಪುಸ್ತಕ ಬರೆಯುತ್ತಿದ್ದೇನೆ. ವಾರವಿಡೀ ಮಕ್ಕಳ ಪ್ರಬಂಧಗಳ ತಪ್ಪಿಗೆ ಕೆಂಪು ಗೀಟು, ಶನಿವಾರ ಅವರ ಫೌಲಿಗೆ ಕಪ್ಪು ಗೀಟು. ಬೇರೆ ಊರಿನ ಸ್ಕೋರರುಗಳು ಪೆನ್ಸಿಲ್ ಹಿಡಿದು, ಪಕ್ಕದಲ್ಲಿ ರಬ್ಬರ್ ಇಟ್ಟುಕೊಂಡು ಕೂರುತ್ತಾರೆ. ನಾನು ಶಾಯಿಯಲ್ಲೇ ಬರೆಯುವವನು.

ನಮ್ಮ ಮೂವತ್ತೆರಡನೇ ನಂಬರಿನ ಕೊರಲೀ ಮೇಬ್ರಿಗೆ ಇವತ್ತೂ ನಾಲ್ಕು ಫೌಲು. ಅದು ಅವಳ ಖಾಯಂ ವಿಳಾಸ. ಐದಾದರೆ ಬೆಂಚು, ಮತ್ತೆ ಒಳಗೆ ಬರುವಂತಿಲ್ಲ. ಆ ಹುಡುಗಿ ಐದರ ಹೊಸ್ತಿಲಲ್ಲಿ ಒಂಟಿಕಾಲಲ್ಲಿ ನಿಂತು ಹನ್ನೆರಡು ನಿಮಿಷ ಆಡಿದಳು.

ಪಕ್ಕದಲ್ಲಿ ಗಡಿಯಾರ ಒತ್ತುವ ಬಡ್ ಲಾಸ್ಕರ್, ಬೋಲ್ಟು-ನಟ್ಟಿನ ಅಂಗಡಿಯವನು, "ಮೇಷ್ಟ್ರೇ, ನೀವು ಪಕ್ಕದಲ್ಲಿಲ್ಲದಿದ್ರೆ ಈ ಆಟ ನೋಡೋಕೇ ಆಗ್ತಿರ್ಲಿಲ್ಲ" ಅಂದ. ಒಬ್ಬನಾದರೂ ರಸಿಕನಿದ್ದಾನೆ.

ಫೆಬ್ರವರಿ ೧, ಗುರುವಾರ

'ಮುಂದಿನ ವರ್ಷ ಇದೇ ದಿನ ನಾನು' ಎಂಬ ವಿಷಯಕ್ಕೆ ಇಪ್ಪತ್ತಾರು ಪ್ರಬಂಧ ತಿದ್ದಿದೆ. ಇಪ್ಪತ್ತೈದು ಮಂದಿ ಪ್ರಪಂಚ ಬದಲಾಯಿಸಲಿದ್ದಾರೆ. ಕಾಗುಣಿತದಿಂದ ಶುರು ಮಾಡಿಬಿಟ್ಟಿದ್ದಾರೆ.

ಇಪ್ಪತ್ತಾರನೆಯದು ಕೊರಲೀದು. ತರಗತಿ ಮುಗಿದ ಮೇಲೆ ನನ್ನ ಮೇಜಿನ ಹತ್ತಿರ ಬಂದಳು.

"ಸಾರ್, ಈ ಹಾಳೇಲಿ ನಂಗೆ ಎಷ್ಟು ಫೌಲು?"

"ಹನ್ನೊಂದು."

"ಅಂದ್ರೆ ಎರಡು ಸಲ ಹೊರಗೆ ಹೋಗಿ, ಮೂರನೇ ಸಲಕ್ಕೆ ಶುರು ಮಾಡಿದೀನಿ ಅನ್ನಿ."

ಮುಂದಿನ ವರ್ಷ ಅವಳು ಚಿಕ್ಕಪ್ಪನ ಮೇವಿನ ಅಂಗಡಿಯಲ್ಲಿ ಮೂಟೆ ಎತ್ತುತ್ತಿರುತ್ತಾಳಂತೆ. 'ಅಲ್ಲಿ ಯಾರೂ ನನ್ನ ಬೆನ್ನಿನ ಅಂಕಿ ನೋಡಿ ನನ್ನನ್ನು ಕರೆಯುವುದಿಲ್ಲ' ಎಂದು ಬರೆದಿದ್ದಳು. ಆ ವಾಕ್ಯಕ್ಕೆ ಕೆಂಪು ಗೀಟು ಹಾಕಲು ಜಾಗ ಹುಡುಕಿದೆ, ಸಿಗಲಿಲ್ಲ.

ನಾಲ್ಕು ವರ್ಷ ಈ ತಂಡದಲ್ಲಿ ಆಡಿದ್ದಾಳೆ. ನಾಲ್ಕು ವರ್ಷವೂ ಲೀಗಿನ ಕೊನೆಯ ಪಂದ್ಯಾವಳಿಯ ಮೊದಲ ಸುತ್ತಿನಲ್ಲೇ ನಮ್ಮ ಕಥೆ ಮುಗಿದಿದೆ... ಅಲ್ಲ, ಮೂರು ವರ್ಷ. ನಾಲ್ಕನೆಯದು ಈ ತಿಂಗಳ ಹದಿನೇಳಕ್ಕೆ.

"ಒಂದೇ ಒಂದು ಸುತ್ತು ದಾಟಿದ್ರೆ ಸಾಕು ಸಾರ್. ಆಮೇಲೆ ಮೂಟೆ ಎಷ್ಟು ಬೇಕಾದ್ರೂ ಎತ್ತೀನಿ."

ಫೆಬ್ರವರಿ ೧೦, ಶನಿವಾರ

ರೆಫರಿ ಗೇಲನ್ ಹಬ್ಬರ್ಡ್ ಬಂದಿದ್ದ. ಹಬ್ಬರ್ಡ್ ಬಂದರೆ ಎದುರಾಳಿಗಳಿಗೆ ಹಬ್ಬ, ನಮಗೆ ತಿಥಿ. ವಾರದಲ್ಲಿ ಐದು ದಿನ ಸ್ಕೂಲ್ ಬಸ್ ಓಡಿಸುತ್ತಾನೆ. ಆರನೆಯ ದಿನ ನಮ್ಮ ಹುಡುಗಿಯರ ಮೇಲೆ ಹತ್ತಿಸುತ್ತಾನೆ.

ಆಟ ಶುರುವಾಗುವ ಮೊದಲು ಟೇಬಲ್ಲಿಗೆ ಬಂದು ನನಗೇ ಪಾಠ ಹೇಳಿದ.

"ಪ್ರೊಫೆಸರ್, ನಾನು ನಂಬರ್ ತೋರ್ಸೋವಾಗ ಸ್ವಲ್ಪ ನನ್ ಕಡೆ ನೋಡ್ತಾ ಇರಿ. ನೀವು ತಲೆ ಆಡಿಸಿದ್ರೆ ನಂಗೆ ಗೊತ್ತಾಗುತ್ತೆ."

"ಇಪ್ಪತ್ತೆರಡು ವರ್ಷದಿಂದ ರೆಫರಿಗಳನ್ನೇ ನೋಡ್ತಾ ಇದೀನಿ, ಮಿಸ್ಟರ್ ಹಬ್ಬರ್ಡ್. ಅದೇ ನನ್ನ ಕಷ್ಟ."

ಬಡ್ ಬಾಯಿಗೆ ಕೈ ಅಡ್ಡ ಹಿಡಿದ. ಹಬ್ಬರ್ಡ್ ನಗಲಿಲ್ಲ. ಶಿಳ್ಳೆ ಇರುವ ಬಾಯಲ್ಲಿ ನಗುವಿಗೆ ಜಾಗವೆಲ್ಲಿ?

ಫೌಲಾದಾಗ ರೆಫರಿ ನಮ್ಮೆದುರು ಬಂದು ನಿಂತು ಎರಡೂ ಕೈ ಎತ್ತಿ, ಬೆರಳಲ್ಲಿ ಹುಡುಗಿಯ ನಂಬರು ತೋರಿಸಬೇಕು. ದೇವರು ರೆಫರಿಗಳಿಗೂ ಕೈಗೆ ಐದೇ ಬೆರಳು ಕೊಟ್ಟಿದ್ದರಿಂದ ನಮ್ಮ ಹುಡುಗಿಯರ ಬೆನ್ನಿನ ನಂಬರಿನ ಒಂದೊಂದು ಅಂಕಿಯೂ ಐದನ್ನು ದಾಟುವುದಿಲ್ಲ. ಈಚೆಗೆ ನಿಯಮ ಸಡಿಲಿಸಿದ್ದಾರೆ; ನಮ್ಮ ಅಂಗಿಗಳು ಹಳೆಯವು. ಎದುರು ನಿಂತವನ ಬಲಗೈ ನಮಗೆ ಎಡ. ಅವನ ಬಲಗೈಯದು ಮೊದಲ ಅಂಕಿ, ಎಡಗೈಯದು ಎರಡನೆಯದು. ಕೈಗೂಸಿಗೂ ಅರ್ಥವಾಗುವ ವಿಷಯ. ಇದಕ್ಕೆ ತಲೆ ಬೇರೆ ಆಡಿಸಬೇಕಂತೆ, ಕೋಲೆತ್ತಿನ ಹಾಗೆ.

ಗೆದ್ದೆವು. ಅವನಿದ್ದರೂ.

ಫೆಬ್ರವರಿ ೧೭, ಶನಿವಾರ

ಥೂ. ಸಂಜೆ ಆರಕ್ಕೇ ಬರೆಯಲು ಕೂತಿದ್ದೇನೆ. ನೆಟ್ಟಿ ಬಡಿಸಿದ್ದು ಹಾಗೇ ಇದೆ.

ಸೋತೆವು. ಐವತ್ತೆಂಟು–ಐವತ್ತೇಳು. ಒಂದು ಅಂಕ. ಅಂಕೆಯಿಲ್ಲದವನೊಬ್ಬ ಆ ಒಂದು ಅಂಕವನ್ನು ನಮ್ಮ ಬಾಯಿಂದ ಕಿತ್ತುಕೊಂಡ.

ಹಾರ್ಗ್ರೋವ್ ಕಾಲೇಜಿನವರು ಮೂರು ಬಸ್ಸಲ್ಲಿ ಬಂದಿದ್ದರು. ನಮ್ಮ ಜಿಮ್ಮಿನಲ್ಲಿ ಪಾಪ್‌ಕಾರ್ನಿನ ವಾಸನೆಗೂ ಜಾಗವಿರಲಿಲ್ಲ. ಅವರ ಕಡೆಯ ಸ್ಕೋರರ್ ಈನಿಡ್ ಕ್ವಾರ್ಲ್ಸ್ ಎಂಬ ಎಪ್ಪತ್ತರ ಹೆಂಗಸು, ತಲೆಗೆ ಉಣ್ಣೆ ಟೊಪ್ಪಿ, ಕೈಯಲ್ಲಿ ಪೆನ್ಸಿಲ್ಲು, ಪಕ್ಕದಲ್ಲಿ ರಬ್ಬರ್. ಪ್ರತಿ ಫೌಲಿಗೂ ಗಟ್ಟಿಯಾಗಿ ನಂಬರು ಹೇಳಿಕೊಂಡು ಬರೆಯುವ ಜಾತಿ.

ಎರಡನೆಯ ಕ್ವಾರ್ಟರಿನಲ್ಲಿ ಹಬ್ಬರ್ಡ್ ಒಂದು ತೀರಾ ಕ್ಷುಲ್ಲಕ ತಳ್ಳಾಟಕ್ಕೆ ಶಿಳ್ಳೆ ಊದಿಕೊಂಡು ಬಂದ. ನಾನು ಬಡ್‌ಗೆ, "ಪಟ್ಟೆ ಇದ್ದೋರೆಲ್ಲ ಹುಲಿ ಅಲ್ಲ ಬಡ್ಡೂ, ಕೆಲವು ಬರೀ ಅಳಿಲು" ಅಂದೆ. ಬಡ್ ಗಡಿಯಾರದ ಮೇಲೆ ಬಿದ್ದು ನಕ್ಕ. ಈ ಋತುವಿನಲ್ಲಿ ನನ್ನ ಅತ್ಯುತ್ತಮ ಮಾತು ಅದು, ಬರೆದಿಡಲೆಂದೇ ನೆನಪಿಟ್ಟುಕೊಂಡೆ. ಫೌಲು ಎಂದಿನಂತೆ ಕೊರಲೀದು.

ಅರ್ಧ ವಿರಾಮದಲ್ಲಿ ಈನಿಡಮ್ಮ ಕೆಮ್ಮಿದರು. "ಪ್ರೊಫೆಸರೇ, ಆ ತಳ್ಳಾಟದ ಫೌಲು ನನ್ ಪುಸ್ತಕದಲ್ಲಿ ಇಪ್ಪತ್ಮೂರಕ್ಕಿದೆ. ನಿಮ್ಮ ಆ ಹೊಸ ಹುಡುಗೀದು. ನೀವು ಮೂವತ್ತೆರಡಕ್ಕೆ ಹಾಕಿದೀರಿ."

"ಹಾಕಿದೀನಿ, ಶಾಯಿಯಲ್ಲಿ."

"ರೆಫರೀನ ಕರೆದು ಒಂದ್ಮಾತು ಕೇಳ್ಬಿಡೋಣ್ವಾ? ಪುಸ್ತಕ ಎರಡೂ ಒಂದಾಗ್ಲಿ."

"ಅಮ್ಮಾ, ಈ ಟೇಬಲ್ಲಿನ ಮೇಲೆ ಅಧಿಕೃತ ಪುಸ್ತಕ ಒಂದೇ. ಆ ಮನುಷ್ಯನ್ನ ಕರೆದು ಇನ್ನೊಂದು ತಪ್ಪು ಮಾಡೋ ಅವಕಾಶ ಯಾಕೆ ಕೊಡ್ಬೇಕು?"

ಆಕೆ ಪೆನ್ಸಿಲ್ ಕೆಳಗಿಟ್ಟು ನನ್ನನ್ನೇ ನೋಡಿದರು. "ನಿಮ್ ಹುಡುಗಿ ಅಂತ ಹೇಳ್ದೆ ಅಷ್ಟೆ" ಅಂದರು. ಎದುರಾಳಿಯಾದವಳಿಗೆ ನಮ್ಮ ಹುಡುಗಿಯ ಮೇಲೆ ಏನು ಕಾಳಜಿಯೋ.

ಮೂರನೆಯ ಕ್ವಾರ್ಟರಿನ ಕೊನೆಗೆ ನಮ್ಮ ಕೋಚ್ ರೆನಾಟಾ ವೋಗ್ಲರ್ ಓಡಿ ಬಂದರು. "ಮೇಷ್ಟ್ರೇ, ಕೊರಲೀಗೆ ಮೂರು ತಾನೆ?"

"ನಾಲ್ಕು."

"ನಾನು ಮೂರು ಅಂದ್ಕೊಂಡಿದ್ದೆ."

"ನಾಲ್ಕು ರೆನಾಟಾ."

"ನೀವು ಹೇಳಿದ್ಮೇಲೆ ಮುಗೀತು" ಎಂದು ಹೊರಟುಹೋದರು. ಇಪ್ಪತ್ತೆರಡು ವರ್ಷದ ಹೆಸರೆಂದರೆ ಇದು.

ಕೊನೆಯ ಎರಡು ನಿಮಿಷ. ನಾವು ಮೂರು ಅಂಕ ಮುಂದೆ. ಅವರ ಹುಡುಗಿ ಬುಟ್ಟಿಯತ್ತ ನುಗ್ಗಿದಳು. ಕೊರಲೀ ಅಡ್ಡ ನಿಂತಳು, ಇಬ್ಬರೂ ಬಿದ್ದರು. ನಿಂತಿದ್ದಳು ಎಂದು ನಾನು ಆಣೆ ಮಾಡಿ ಹೇಳಬಲ್ಲೆ. ಹಬ್ಬರ್ಡ್ ಮೂವತ್ತೆರಡು ತೋರಿಸಿದ. ಐದನೆಯ ಗೀಟು ನಾನೇ ಎಳೆಯಬೇಕಾಯಿತು. ಬಡ್ ಭೋಂಗಾ ಒತ್ತಿದ. ಕೊರಲೀ ಒಂದು ಕ್ಷಣ ಟೇಬಲ್ಲಿನ ಕಡೆ ನೋಡಿದಳು, ಲೆಕ್ಕ ತಪ್ಪಿದವಳ ಹಾಗೆ, ಬೆರಳು ಮಡಚಿಕೊಂಡು. ಆಮೇಲೆ ಹೋಗಿ ಬೆಂಚಿನ ತುದಿಯಲ್ಲಿ ತಲೆಯ ಮೇಲೆ ಟವೆಲ್ ಹಾಕಿಕೊಂಡು ಕೂತಳು.

ಕೊನೆಯ ಆರು ಸೆಕೆಂಡಿಗೆ ಅವರು ಎಸೆದ ಚೆಂಡು ಬುಟ್ಟಿಯ ಅಂಚಿಗೆ ಬಡಿದು ಸರಿಯಾಗಿ ಕೊರಲೀ ನಿಲ್ಲುವ ಜಾಗಕ್ಕೆ ಬಿತ್ತು. ಅಲ್ಲಿ ಕೊರಲೀ ಇರಲಿಲ್ಲ. ಅವರ ಹುಡುಗಿ ಇದ್ದಳು, ಎತ್ತಿ ಹಾಕಿದಳು.

ಜನ ಕಾಗದದ ಲೋಟ ಎಸೆದರು. "ಬಸ್ಸು ಓಡ್ಸೋಗೋ ಕುರುಡಾ!" ಎಂದು ಪಾದ್ರಿಗಳೇ ಕೂಗಿದರು. ನಾನು ಪುಸ್ತಕಕ್ಕೆ ಸಹಿ ಹಾಕಿ ಮುಚ್ಚಿದೆ.

ಫೆಬ್ರವರಿ ೧೮, ಭಾನುವಾರ

ಹಬ್ಬರ್ಡ್‌ನ ಬಗ್ಗೆ ಹದಿನಾಲ್ಕು ವಿಶೇಷಣ ಪಟ್ಟಿ ಮಾಡಿದೆ. ನೆಟ್ಟಿ ಚರ್ಚಿಗೆ ಒಬ್ಬಳೇ ಹೋದಳು.

ಫೆಬ್ರವರಿ ೧೯, ಸೋಮವಾರ

ಸಂತೋಷದ ಕೆಲಸ ಸಿಕ್ಕಿದೆ.

ರೆನಾಟಾ ಬೆಳಿಗ್ಗೆಯೇ ನನ್ನ ಕೋಣೆಗೆ ಬಂದರು. ಲೀಗಿಗೆ ದೂರು ಕೊಡುತ್ತಾರಂತೆ. ಈ ಶನಿವಾರದ ಫೈನಲ್ಲಿಗೆ ಹಬ್ಬರ್ಡ್‌ನನ್ನು ಆರಿಸಿದ್ದಾರಂತೆ. ಹತ್ತೊಂಬತ್ತು ವರ್ಷ ಶಿಳ್ಳೆ ಊದಿದ್ದಕ್ಕೆ ಮೊದಲ ಫೈನಲ್ಲು. ಅದನ್ನು ತಪ್ಪಿಸಬೇಕು. ಗುರುವಾರ ಎರಡು ಗಂಟೆಗೆ ಲೀಗಿನ ಮುಖ್ಯಸ್ಥೆ ಎಲ್ಲರನ್ನೂ ಫೋನಿನಲ್ಲಿ ಸೇರಿಸಿ ಕೇಳುತ್ತಾರೆ.

"ಬರೆಯೋದು ನೀವೇ ಆಗ್ಬೇಕು ಮೇಷ್ಟ್ರೇ. ನಾನು ಬರೆದ್ರೆ ಬರೀ ಬೈಗುಳ ಆಗುತ್ತೆ."

"ನಾನು ಬರೆದ್ರೂ ಅದೇ ಆಗೋದು. ವ್ಯಾಕರಣ ಮಾತ್ರ ಸರಿ ಇರುತ್ತೆ."

ಒಂದೇ ಪಟ್ಟಿಗೆ ಕೂತು ಮೂರು ಪುಟ ಮುಗಿಸಿದೆ. 'ಶ್ರೀ ಹಬ್ಬರ್ಡ್ ಅವರ ಶಿಳ್ಳೆಗೂ ಆಟಕ್ಕೂ ಇರುವ ಸಂಬಂಧ ಕೇವಲ ಕಾಕತಾಳೀಯ' ಎಂಬ ವಾಕ್ಯವನ್ನು ನೆಟ್ಟಿಗೆ ಎರಡು ಸಲ ಓದಿ ಹೇಳಿದೆ. ದೂರು ಬರೆಯಲು ದೂರದಿಂದ ನೋಡಿದ್ದೂ ಬೇಕು, ಹತ್ತಿರದಿಂದ ನೋಡಿದ್ದೂ ಬೇಕು. ಆಟದ ವಿಡಿಯೋ ಕೊಟ್ಟಿದ್ದಾರೆ. ಹಬ್ಬರ್ಡ್‌ನ ತಪ್ಪುಗಳನ್ನೆಲ್ಲ ನಿಮಿಷ ಸಮೇತ ಗುರುತು ಹಾಕಬೇಕು. ಕೆಂಪು ಪೆನ್ನಿಗೆ ಹೊಸ ಕಡ್ಡಿ ಹಾಕಿದ್ದೇನೆ.

ಫೆಬ್ರವರಿ ೨೦, ಮಂಗಳವಾರ

ಮಧ್ಯಾಹ್ನ ಪಾಠವಿರಲಿಲ್ಲ. ಬಿಸಿ ಚಿಲ್ಲಿ ಸೂಪು ಮುಂದಿಟ್ಟುಕೊಂಡು ವಿಡಿಯೋ ಹಾಕಿದೆ.

ಹಬ್ಬರ್ಡ್ ಆ ದಿನ ಹದಿನೇಳು ಫೌಲು ಕೊಟ್ಟಿದ್ದ. ಮೊದಲನೆಯದು ಸರಿಯಿತ್ತು. ಇರಲಿ, ಕುರುಡನಿಗೂ ಒಮ್ಮೊಮ್ಮೆ ಬಾಗಿಲು ಸಿಗುತ್ತದೆ. ಎರಡನೆಯದೂ ಸರಿ. ಮೂರನೆಯದನ್ನು ನಾಲ್ಕು ಸಲ ಹಿಂದೆ ಮಾಡಿ ನೋಡಿದೆ. ನಮ್ಮ ಹುಡುಗಿ ಮೊಣಕೈ ಹಾಕಿದ್ದಳು, ಚೆನ್ನಾಗಿಯೇ ಹಾಕಿದ್ದಳು. ಹದಿನೇಳರಲ್ಲಿ ಹದಿನಾಲ್ಕು ಸರಿ, ಎರಡು ಹಾಗೂ ಹೀಗೂ, ಒಂದು ತಪ್ಪು. ಆ ಒಂದು ತಪ್ಪೂ ನಮ್ಮ ಪರವಾಗಿಯೇ. ಅಸಹ್ಯ.

ಕೊರಲೀಯ ಕೊನೆಯ ಫೌಲು. ನಿಧಾನಕ್ಕೆ ಓಡಿಸಿದೆ. ಅವಳ ಎಡಗಾಲು ಇನ್ನೂ ಸರಿಯುತ್ತಿತ್ತು. ನಿಂತಿರಲಿಲ್ಲ.

ಆಮೇಲೆ ಎರಡನೆಯ ಕ್ವಾರ್ಟರಿಗೆ ಹಿಂದೆ ಹೋದೆ. ತಳ್ಳಾಟದ ಫೌಲು ಬಾಕಿ ಇತ್ತಲ್ಲ. ಕ್ಯಾಮೆರಾ ಎದುರುಗಡೆ ಮೆಟ್ಟಿಲ ಮೇಲಿಂದ ಟೇಬಲ್ಲನ್ನೇ ನೋಡುತ್ತದೆ. ಹಬ್ಬರ್ಡ್ ನಮ್ಮೆದುರು ಬಂದು ನಿಂತ. ಅವನ ಬೆನ್ನು ಕಾಣುತ್ತದೆ, ಎತ್ತಿದ ಎರಡು ಕೈ ಕಾಣುತ್ತವೆ. ಬಲಗೈಯಲ್ಲಿ ಎರಡು. ಎಡಗೈಯಲ್ಲಿ ಮೂರು. ಟೇಬಲ್ಲಿನ ಹಿಂದೆ ಉಣ್ಣೆ ಟೊಪ್ಪಿಯ ತುಟಿ ಆಡುತ್ತಿದೆ.

ನೆಟ್ಟಿ ಬಟ್ಟಲು ಎತ್ತಲು ಬಂದವಳು ಪರದೆಗೆ ಬಗ್ಗಿದಳು.

"ಇವ್ರು ಯಾರು, ರೆಫರಿ ಕಡೆ ತಿರುಗಿಯೂ ನೋಡದೆ ಹಲ್ಲು ಕಿರೀತಾ ಇರೋರು?"

ನಾನು ಬಟ್ಟಲನ್ನು ಅವಳ ಕಡೆ ತಳ್ಳಿದೆ.

"ಓ," ಅಂದಳು. "ಅಂಗಿಗೆ ಇಸ್ತ್ರಿ ಚೆನ್ನಾಗಿದೆ."

ಫೆಬ್ರವರಿ ೨೧, ಬುಧವಾರ

ಈ ವಾರದ ಇಪ್ಪತ್ತಾರು ಪ್ರಬಂಧ ತಿದ್ದಬೇಕಿತ್ತು. ತಿದ್ದಲಿಲ್ಲ.

ರಸ್ತೆಗೆ ಉಪ್ಪು ಹಾಕಿದ್ದಾರೆ. ಹಿಮ ಕರಗುತ್ತಿದೆ.

ಐದರಲ್ಲಿ ಒಂದು ಕಳೆದರೆ ನಾಲ್ಕು. ನಾಲ್ಕಿದ್ದವಳು ಆಡಬಹುದಿತ್ತು. ಎರಡು ನಿಮಿಷ. ಬೇರೆ ಯಾವ ರೀತಿಯಲ್ಲಿ ಲೆಕ್ಕ ಹಾಕಿದರೂ ಇಷ್ಟೇ ಬರುತ್ತದೆ, ಹಾಕಿ ನೋಡಿದ್ದೇನೆ.

ರೆನಾಟಾ ಎರಡು ಸಲ ಫೋನ್ ಮಾಡಿದರು. ದೂರು ಲೀಗಿಗೆ ತಲುಪಿದೆಯಂತೆ, ಮುಖ್ಯಸ್ಥೆಗೆ ಆ ಕಾಕತಾಳೀಯದ ವಾಕ್ಯ ತುಂಬ ಹಿಡಿಸಿತಂತೆ. ಗುರುತು ಹಾಕಿ ಆಯ್ತಾ ಎಂದು ಕೇಳಿದರು. ಆಯಿತು ಅಂದೆ.

ವಿಡಿಯೋ ನಾನಲ್ಲದೆ ಬೇರೆ ಯಾರೂ ಆ ಜಾಗದಲ್ಲಿ ನಿಲ್ಲಿಸಿ ನೋಡುವುದಿಲ್ಲ. ಅವರೆಲ್ಲ ಕೊನೆಯ ಎರಡು ನಿಮಿಷವನ್ನೇ ನೋಡುತ್ತಾರೆ. ಈನಿಡಮ್ಮನ ಪುಸ್ತಕ ಪೆನ್ಸಿಲಿನದು.

ಇದನ್ನು ಇಲ್ಲಿ ಬರೆದದ್ದೇಕೋ ಗೊತ್ತಿಲ್ಲ.

ಫೆಬ್ರವರಿ ೨೨, ಗುರುವಾರ

ಎರಡು ಗಂಟೆಗೆ ರೆನಾಟಾ ಅವರ ಕೋಣೆಯಲ್ಲಿ ಫೋನಿನ ಸುತ್ತ ಕೂತೆವು. ಆ ಕಡೆ ಮುಖ್ಯಸ್ಥೆ. ಇನ್ನೊಂದು ಕಡೆ ಹಬ್ಬರ್ಡ್. ಹಿಂದೆ ಮಕ್ಕಳ ಗಲಾಟೆ, ಬಸ್ಸು ನಿಲ್ಲಿಸಿಕೊಂಡೇ ಮಾತಾಡುತ್ತಿದ್ದ ಅಂತ ಕಾಣುತ್ತದೆ.

ದೂರನ್ನು ನಾನೇ ಓದಬೇಕಿತ್ತು. ಮೊದಲ ವಾಕ್ಯ ಓದಿದೆ. ಎರಡನೆಯದು ಕಾಕತಾಳೀಯದ್ದು. ಅಲ್ಲಿ ನಿಲ್ಲಿಸಿದೆ.

"ಕೊರಲೀ ಮೇಬ್ರಿಗೆ ಆ ದಿನ ನಾಲ್ಕೇ ಫೌಲು" ಅಂದೆ. "ಒಂದು ನಾನು ತಪ್ಪು ಬರೆದದ್ದು. ಮಿಸ್ಟರ್ ಹಬ್ಬರ್ಡ್ ಇಪ್ಪತ್ಮೂರು ಸರಿಯಾಗೇ ತೋರಿಸಿದ್ರು. ನಾನು ನೋಡ್ತಾ ಇರ್ಲಿಲ್ಲ. ಈನಿಡ್ ಕ್ವಾರ್ಲ್ಸ್ ಅರ್ಧ ವಿರಾಮದಲ್ಲೇ ಹೇಳಿದ್ರು. ಕೋಚ್ ಕೂಡ ಕೇಳಿದ್ರು. ಇಬ್ರನ್ನೂ ನಾನು ವಾಪಸ್ ಕಳಿಸ್ದೆ."

ರೆನಾಟಾ ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಿದ್ದರು. ಅದು ನಿಂತಿತು.

ಮುಖ್ಯಸ್ಥೆ, "ಫಲಿತಾಂಶ ಬದಲಾಗೋದಿಲ್ಲ, ಗೊತ್ತಲ್ಲ?" ಅಂದರು.

"ಗೊತ್ತು. ದೂರು ವಾಪಸ್ ತಗೋಬೇಕು."

ಆಗ ಹಬ್ಬರ್ಡ್, "ಒಂದ್ನಿಮಿಷ ಮೇಡಂ" ಅಂದ. "ಏಯ್, ಕೂತ್ಕೊಳ್ರೋ ಹಿಂದೆ! ...ನಿಮಗಲ್ಲ ಮೇಡಂ. ಪ್ರೊಫೆಸರ್ ನಗ್ತಾ ಇದ್ರು, ನಾನು ನೋಡಿದೆ. ಅವರು ತಲೆ ಆಡಿಸೋವರೆಗೂ ನಾನು ಕೈ ಇಳಿಸ್ಬಾರ್ದಿತ್ತು. ನಮ್ಮ ನಿಯಮದ ಪುಸ್ತಕದಲ್ಲೂ ಹಾಗೇ ಇದೆ. ನಂಗೆ ಸಿಟ್ಟು ಬಂದಿತ್ತು, ಇಳಿಸ್ಬಿಟ್ಟೆ. ಆ ಫೌಲಲ್ಲಿ ನಂದೂ ಒಂದು ಪಾಲು ಬರ್ಕೊಳ್ಳಿ."

ಇಷ್ಟು ವರ್ಷ ಆ ಮನುಷ್ಯನಿಗೆ ನಾನು ಏನೆಲ್ಲ ಹೇಳಿದ್ದೇನೆ. ಅವನು ಸಜ್ಜನ ಬೇರೆ.

ಫೋನಿಟ್ಟ ಮೇಲೆ ರೆನಾಟಾ ಕಿಟಕಿಯ ಕಡೆ ತಿರುಗಿದರು. "ನಾನು ಮೂರು ಅಂದಿದ್ದೆ" ಅಂದರು. "ನನ್ನ ಕಣ್ಣಾರೆ ಎಣಿಸಿದ್ದೆ. ನೀವು ಹೇಳಿದ್ರಿ ಅಂತ ಸುಮ್ನಾದೆ." ಈ ಕಡೆ ತಿರುಗದೆಯೇ, "ಕೊರಲೀಗೆ ನಾನು ಹೇಳಲ್ಲ. ಅದು ನಿಮ್ಮ ಕೆಲ್ಸ."

ಫೆಬ್ರವರಿ ೨೩, ಶುಕ್ರವಾರ

ತರಗತಿ ಮುಗಿದ ಮೇಲೆ ಕೊರಲೀಯನ್ನು ನಿಲ್ಲಿಸಿಕೊಂಡೆ. ಹೇಳಿದೆ. ಅಲಂಕಾರವಿಲ್ಲದೆ ಹೇಳಿದೆ, ನಾಲ್ಕು ವಾಕ್ಯ ಹಿಡಿಯಿತು.

ಅವಳು ಚೀಲವನ್ನು ಒಂದು ಹೆಗಲಿಂದ ಇನ್ನೊಂದು ಹೆಗಲಿಗೆ ಹಾಕಿಕೊಂಡಳು.

"ನಾನೂ ಎಣಿಸಿದ್ದೆ ಸಾರ್. ಬೆಂಚಲ್ಲಿ ಕೂತು ಟವೆಲ್ ಒಳಗೆ ಎಣಿಸ್ತಾ ಇದ್ದೆ. ಎಷ್ಟು ಸಲ ಎಣಿಸಿದ್ರೂ ನಾಲ್ಕೇ ಬರೋದು. ನಂಗೇ ಏನೋ ಆಗಿದೆ ಅಂದ್ಕೊಂಡೆ." ಆಮೇಲೆ, "ಹೇಳ್ಬಹುದಿತ್ತು ನಾನು. ಆದ್ರೆ ಪುಸ್ತಕ ನಿಮ್ದಲ್ವಾ."

ನಾನು ಕ್ಷಮಿಸು ಎಂದೆ. ಅವಳ ಮುಖದಲ್ಲಿ ಇದ್ದದ್ದು ಏನೆಂದು ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತೆರಡು ವರ್ಷ ಅದೇ ಮುಖ ಮಾಡಿಕೊಂಡು ನಾನು ರೆಫರಿಗಳನ್ನು ನೋಡಿದ್ದೇನೆ.

"ಪುಸ್ತಕ ಇಲ್ಲಿದ್ಯಾ?"

ಕಪಾಟಿನಿಂದ ತೆಗೆದು ಹದಿನೇಳನೆಯ ತಾರೀಖಿನ ಪುಟ ಬಿಡಿಸಿಟ್ಟೆ. ಮೂವತ್ತೆರಡರ ಸಾಲಿನಲ್ಲಿ ಐದು ಮನೆ, ಐದು ಗೀಟು.

"ತಿದ್ದಿ" ಅಂದಳು.

"ತಿದ್ದಿದ್ರೂ ಆಟ—"

"ಆಟಕ್ಕಲ್ಲ ಸಾರ್. ತಿದ್ದಿ."

ಕಪ್ಪು ಶಾಯಿಯ ಮೇಲೆ ತಿದ್ದಲು ನನ್ನ ಹತ್ತಿರ ಇದ್ದದ್ದು ಕೆಂಪು ಪೆನ್ನೊಂದೇ. ಅವಳ ಸಾಲಿನ ಕೊನೆಯ ಗೀಟನ್ನು ಹೊಡೆದು ಹಾಕಿದೆ, ಇಪ್ಪತ್ಮೂರರ ಸಾಲಿಗೆ ಒಂದು ಸೇರಿಸಿದೆ. ಪಕ್ಕದಲ್ಲಿ ತಾರೀಖು ಬರೆದು, ನನ್ನ ಹೆಸರಿನ ಮೊದಲ ಅಕ್ಷರಗಳನ್ನು ಹಾಕಿದೆ. ಗೆರೆ ಸೊಟ್ಟಗಾಯಿತು. ಆ ಪುಸ್ತಕದಲ್ಲಿ ಸೊಟ್ಟಗಿರುವ ಗೆರೆ ಅದೊಂದೇ.

"ಆ ಐದನೇ ಮನೆ ಈಗ ಖಾಲಿನಾ?"

"ಖಾಲಿ."

"ಹಾಗಾದ್ರೆ ಇನ್ನೂ ಒಂದು ಉಳಿದಿತ್ತು ನನ್ ಹತ್ರ" ಅಂದಳು. ಕೆಂಪು ಆರಿತೋ ಇಲ್ಲವೋ ಎಂದು ಅದನ್ನು ಬೆರಳಿಂದ ಮುಟ್ಟಿ ನೋಡಿ, ಬೆರಳನ್ನು ಜೀನ್ಸಿಗೆ ಒರೆಸಿಕೊಂಡು, ನಾನು ತಿದ್ದದೆ ಇಟ್ಟಿದ್ದ ಅವಳ ಪ್ರಬಂಧವನ್ನು ಮೇಜಿನಿಂದ ತಾನೇ ಎತ್ತಿಕೊಂಡು ಹೊರಟುಹೋದಳು.